ಅಂಕಲ್ ಎಣಿಸಿದ ಚಂದ್ರರು

ಟೊರೆನ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ಧಾರವಾಡದವರು, ವಿಮಾನದ ಕಂಪನಿಯಿಂದ ನಿವೃತ್ತರಾದ ಎಂಜಿನಿಯರ್. ಈಸ್ಟರ್ ದ್ವೀಪದ ಮರದ ಹಲಗೆಗಳ ಮೇಲಿರುವ, ಇನ್ನೂ ಯಾರಿಗೂ ಪೂರ್ತಿ ಓದಲಾಗದ ಚಿತ್ರಲಿಪಿಯ ಹುಚ್ಚು ಅವರಿಗೆ. ಅದರಲ್ಲಿ ಗ್ರಹಣಗಳ ಲೆಕ್ಕವಿದೆ ಎಂದು ನಂಬಿದ್ದರು. ಗ್ಯಾರೇಜಿನ ಗೋಡೆಗೆ ಅಂಟಿಸಿದ, ಆ ಲಿಪಿಯನ್ನು ನಕಲು ಮಾಡಿದ ಹಾಳೆಗಳಲ್ಲಿ ಒಂದೊಂದೇ ಅರ್ಧಚಂದ್ರವನ್ನು ಪೆನ್ಸಿಲ್ಲಿನ ಹಿಂಬದಿಯಿಂದ ಮುಟ್ಟುತ್ತಾ, "ನಾ ಹೇಳೂದು ಬ್ಯಾಡ, ನೀನ ಎಣಿಸಿ ನೋಡು" ಎನ್ನುತ್ತಿದ್ದರು. ನಾನು ಒಮ್ಮೆಯೂ ಎಣಿಸಲಿಲ್ಲ.

ಕೋವಿಡ್ ಕಳೆದ ಮೊದಲ ಯುಗಾದಿಗೆ ಕನ್ನಡದವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದಾಗ, ಅವರು ಕೆಲವು ಹಾಳೆಗಳನ್ನು ತಂದು, ಆ ಗ್ರಹಣದ ಲೆಕ್ಕವನ್ನು ಮೊದಲ ಬಾರಿ ನಾಲ್ಕು ಜನರ ಮುಂದೆ ವಿವರಿಸತೊಡಗಿದರು. ನಾನು ನಡುವೆ ಬಾಯಿ ಹಾಕಿ, "ಅಂಕಲ್, ಹುಡುಕೋಕೆ ಹೊರಟರೆ ನಮ್ಮ ಗ್ರೋಸರಿ ಲಿಸ್ಟಲ್ಲೂ ಗ್ರಹಣ ಸಿಗತ್ತೆ" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು, ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟುಕೊಂಡರು. ಆ ವಾರವೇ ಗ್ಯಾರೇಜಿನ ಗೋಡೆ ಖಾಲಿಯಾಯಿತು.

ಮರುವರ್ಷ ಅವರು ಸ್ಯಾನ್ ಡಿಯಾಗೋದಲ್ಲಿರುವ ಮಗಳ ಮನೆ ಸೇರಿದರು. ಒಂದು ಭಾನುವಾರ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ, "ಅವತ್ತು ನನ್ನದು ತಪ್ಪಾಯ್ತು ಅಂಕಲ್" ಎಂದೆ.

"ನೀ ಅಂದದ್ದು ಖರೇ ಇರಬಹುದು" ಎಂದರು, ಚಹಾದ ಕಪ್ಪನ್ನು ನನ್ನತ್ತ ಸರಿಸುತ್ತಾ. "ಆದರ ಗ್ಯಾರೇಜಿಗೆ ನೀ ಒಬ್ಬನ ಬಂದು ಹೇಳಿದ್ದರ, ಇಬ್ಬರೂ ಕೂಡಿ ತಿದ್ದತಿದ್ವಿ."