ಮುಫೀದಕ್ಕನ ಕಿವಿಯಲ್ಲಿ ಉಬ್ಬಿದ ಹಿಟ್ಟು

ಮಿನ್ಯಾ ಊರಿನ ನಮ್ಮ ಚರ್ಚಿನಲ್ಲಿ ಪೂಜೆಯ ರೊಟ್ಟಿ ಬೇಯಿಸುವವನು ನಾನು, ಗತ್ತಾಸ್. ಖಾಲಿ ಹೊಟ್ಟೆಯಲ್ಲಿ ಕೀರ್ತನೆ ಹೇಳುತ್ತಾ ಹಿಟ್ಟು ನಾದುವ ಕೆಲಸ. ಆ ಹೊತ್ತಿನಲ್ಲಿ ಯಾರಾದರೂ ಬಂದು ತಲೆ ತಿಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ತಲೆ ತಿನ್ನುವುದರಲ್ಲಿ ಮುಫೀದಕ್ಕನನ್ನು ಮೀರಿಸಿದವರು ಈ ಊರಿನಲ್ಲಿ ಹುಟ್ಟಿಲ್ಲ.

ಆಕೆ ನಮ್ಮ ಬೀದಿಯವಳೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು, ಮದುವೆಯಾಗಲಿಲ್ಲ. ಮನೆಯಲ್ಲಿ ಬೈಯಲು ಯಾರೂ ಇಲ್ಲದ್ದರಿಂದ ದಿನವೂ ಚರ್ಚಿಗೆ ಬಂದು ಬೈಯುತ್ತಿದ್ದಳು. ನಮ್ಮ ಪಾದ್ರಿ ಅಬೂನಾ ಬಿಮೆನ್ ಆಕೆಗೆ ಒಂದು ಹೊಣೆ ವಹಿಸಿದರು: ಚರ್ಚಿಗೆ ಬರುವ ಮಕ್ಕಳಿಗೂ, ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ದೊಡ್ಡವರಿಗೂ ಯಾರಿಂದಲೂ ಕೇಡಾಗದಂತೆ ನೋಡಿಕೊಳ್ಳಬೇಕು. ಮುಚ್ಚಿದ ಬಾಗಿಲ ಹಿಂದೆ ಅವರೊಡನೆ ಯಾರೂ ಒಂಟಿಯಾಗಿ ಇರಕೂಡದು.

ಒಳ್ಳೆಯ ನಿಯಮವೇ. ಬೇರೆ ಯಾರಾದರೂ ಆಗಿದ್ದರೆ "ಬಾಗಿಲು ತೆರೆದಿಡಿ" ಎನ್ನುತ್ತಿದ್ದರು. ಮುಫೀದಕ್ಕ ಬಡಗಿಯನ್ನು ಕರೆಸಿ ಬಾಗಿಲುಗಳನ್ನೇ ಕೀಳಿಸಿದಳು! ಪಾಠದ ಕೋಣೆಗಳದ್ದು, ಅಬೂನಾ ಅವರ ಕೋಣೆಯದ್ದು, ಕೊನೆಗೆ ನನ್ನ ಒಲೆಮನೆಯದ್ದೂ. ಬೇಸಿಗೆಯ ಮರಳುಗಾಳಿ ಬೀಸಿದಾಗ ಅಬೂನಾ ಅವರ ಪ್ರವಚನದ ಹಾಳೆಗಳು ಮೀನಿನ ಅಂಗಡಿಯವರೆಗೆ ಹಾರಿದವು. ಒಂದು ಮೇಕೆ ಒಳಗೆ ಬಂದು ನೋಹನ ನಾವೆಯ ಪಾಠವನ್ನು ಪೂರ್ತಿ ಕೇಳಿಸಿಕೊಂಡು ಹೋಯಿತು.

"ನನ್ನ ಹಿಟ್ಟಲ್ಲಿ ಮರಳು ಕಣಮ್ಮ!" ಎಂದು ನಾನು ಕೂಗಾಡಿದೆ.

"ಹಲ್ಲು ಗಟ್ಟಿಯಾಗುತ್ತೆ ಬಿಡಣ್ಣ," ಎಂದಳು.

ಇಷ್ಟರ ನಡುವೆ ತಾದ್ರೋಸನ ಚಿಂತೆ ಶುರುವಾಯಿತು. ನಲವತ್ತು ದಾಟಿದವನು, ಬುದ್ಧಿ ಮಾತ್ರ ಐದು ವರ್ಷದ ಮಗುವಿನದು. ಮೆರವಣಿಗೆಯಲ್ಲಿ ದೊಡ್ಡ ಶಿಲುಬೆ ಹೊರುವವನು ಅವನೇ. ಚರ್ಚಿನ ಬಸ್ಸಿನಲ್ಲಿ ಮಠಕ್ಕೆ ಹೋಗುವುದೆಂದರೆ ಅವನಿಗೆ ಪ್ರಾಣ. ಈಸ್ಟರ್ ಹಬ್ಬದ ಪ್ರವಾಸ ಮುಗಿಸಿ ಬಂದಮೇಲೆ, ಬಸ್ಸು ಕಂಡರೆ ಬೆಂಚಿನ ಕೆಳಗೆ ನುಸುಳತೊಡಗಿದ. ನಗುವುದನ್ನೇ ಬಿಟ್ಟ. ನಾನು ಕೊಟ್ಟ ಬಿಸಿ ರೊಟ್ಟಿಯನ್ನೂ ಮುಟ್ಟಲಿಲ್ಲ.

"ಯಾರೋ ಏನೋ ಮಾಡಿದಾರೆ, ಗತ್ತಾಸಣ್ಣ," ಎಂದು ಮುಫೀದಕ್ಕ ಕಣ್ಣೊರೆಸಿಕೊಂಡಳು. "ಯಾರು ಅಂತ ಗೊತ್ತಾಗ್ಲಿ, ಅವರ ಚರ್ಮ ಸುಲೀತೀನಿ!"

ತಾದ್ರೋಸ್ ಹೇಳಲು ಬಾಯಿ ತೆರೆಯುತ್ತಿದ್ದ. ಬಾಗಿಲಿಲ್ಲದ ಕೋಣೆಯ ಮುಂದೆ ಅಷ್ಟರಲ್ಲೇ ಹತ್ತು ಮುಖ ಇಣುಕುತ್ತಿದ್ದವು. ಬಾಯಿ ಮುಚ್ಚುತ್ತಿದ್ದ.

"ಒಂದು ಬಾಗಿಲು ಹಾಕ್ಸಮ್ಮ, ನನ್ನ ಹತ್ರ ಹೇಳ್ತಾನೆ," ಎಂದರು ಅಬೂನಾ.

"ಆಗಲ್ಲ. ಪಾದ್ರಿ ಆದ್ರೂ ನಿಯಮ ನಿಯಮಾನೇ."

"ಸರಿ, ನೀನೇ ಹೊಸ್ತಿಲಲ್ಲಿ ಕೂತು ನೋಡ್ತಿರು. ಆದ್ರೆ ಕೇಳಿಸ್ಕೋಬೇಡ."

ಪಕ್ಕದ ಬೀದಿಯ ಗಂಡ ಹೆಂಡಿರ ಜಗಳವನ್ನು ಮನೆಯಲ್ಲೇ ಕೂತು ಕೇಳುವ ಕಿವಿಗಳು ಆಕೆಯವು. ಸ್ವಲ್ಪ ಯೋಚಿಸಿದಳು. ನೆಟ್ಟಗೆ ನನ್ನ ಒಲೆಮನೆಗೆ ನುಗ್ಗಿ, ಹಿಟ್ಟಿನಿಂದ ಎರಡು ಉಂಡೆ ಕಿತ್ತು ಕಿವಿಗಳಿಗೆ ತುರುಕಿಕೊಂಡಳು!

"ಅಯ್ಯೋ, ಪಾಪಿ! ಕೀರ್ತನೆ ಹೇಳಿ ನಾದಿದ ಹಿಟ್ಟದು!"

"ಹಾಗಾದ್ರೆ ಕಿವಿಗೆ ಒಳ್ಳೇದೇ ಬಿಡು," ಎಂದು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಹತ್ತಿರ ಬಂದವರಿಗೆಲ್ಲ ಚಪ್ಪಲಿ ತೋರಿಸಿ ಓಡಿಸಿದಳು.

ಒಳಗೆ ತಾದ್ರೋಸ್ ಮೆಲ್ಲಗೆ ಮಾತಾಡಿದ. ತುಂಬಾ ಹೊತ್ತು ಮಾತಾಡಿದ. ಸುಡುವ ಸೆಕೆ. ಹುಳಿ ಹಾಕಿದ ಹಿಟ್ಟು, ಮೇಲೆ ಮುಫೀದಕ್ಕನ ಬಿಸಿ ತಲೆ. ಅಬೂನಾ ಆಕೆಯನ್ನು ಕರೆಯುವ ಹೊತ್ತಿಗೆ ಎರಡೂ ಕಿವಿಗಳಿಂದ ಹಿಟ್ಟು ಉಬ್ಬಿ ಕೆನ್ನೆಗೆ ಇಳಿದಿತ್ತು.

"ಏನು? ಕೇಳ್ತಿಲ್ಲ! ಜೋರಾಗಿ ಹೇಳಿ!"

ತಾದ್ರೋಸ್ ಆಕೆಯನ್ನು ನೋಡಿದ. ಹಬ್ಬ ಕಳೆದಮೇಲೆ ಮೊದಲ ಸಲ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಅವನ ಹೆದರಿಕೆ ಹೋಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದ: "ನನ್ನನ್ನ ಬಸ್ಸಲ್ಲಿ ಕೂಡಿಹಾಕಿದ್ರು! ಇಡೀ ದಿನ! ನೀನೇ ಹೇಳಿದ್ದಂತೆ!"

ಅದು ಮಾತ್ರ ಆಕೆಗೆ ಕೇಳಿಸಿತು.

ಹಬ್ಬದ ಪ್ರವಾಸದಲ್ಲಿ ತಾದ್ರೋಸನನ್ನು ನೋಡಿಕೊಳ್ಳಬೇಕಿದ್ದ ಹುಡುಗರಿಗೆ ಆಕೆ ತಾಕೀತು ಮಾಡಿದ್ದಳು: "ತಾದ್ರೋಸ್ ಏನಾದ್ರೂ ಕಳೆದುಹೋದ್ರೆ ನಿಮ್ಮ ಚರ್ಮ ಸುಲೀತೀನಿ." ಅವರು ಹೆದರಿ, ಮಠದ ಮುಂದೆ ಎಲ್ಲರೂ ಇಳಿದಮೇಲೆ, ಅವನ ಕೈಗೆ ನೀರಿನ ಬಾಟಲಿ ಕೊಟ್ಟು ಬಸ್ಸಿಗೆ ಬೀಗ ಹಾಕಿದ್ದರು. ಚರ್ಚಿನ ಬಾಗಿಲುಗಳನ್ನೆಲ್ಲ ಕೀಳಿಸಿದವಳಿಗೆ ಬಸ್ಸಿನದ್ದು ಹೊಳೆದಿರಲಿಲ್ಲ.

ಮುಫೀದಕ್ಕ ನೆಲದ ಮೇಲೆ ಕುಸಿದು ಕೂತಳು. "ನಾನಾ? ನನ್ನಿಂದಾನಾ? ತಪ್ಪಾಯ್ತು ಕಣೋ, ನನ್ನಪ್ಪಾ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಆಕೆ ಅತ್ತಿದ್ದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎಣ್ಣೆ ಬಿಟ್ಟು ಹಿಟ್ಟು ತೆಗೆದುಕೊಟ್ಟೆ.

ಕಿವಿ ಬಿಟ್ಟದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ಬಸ್ಸಿನ ಕಡೆ ಹೊರಟಳು. ಡ್ರೈವರ್ ಅಶೂರ್ ಎರಡೂ ಕೈ ಚಾಚಿ ಅಡ್ಡ ನಿಂತ.

"ಅಕ್ಕಾ, ನಿನ್ನ ದಮ್ಮಯ್ಯ! ಬಾಗಿಲಿಲ್ಲದ ಬಸ್ಸು ಓಡಿಸಿದ್ರೆ ಪೊಲೀಸರು ನನ್ನ ಒಳಗೆ ಹಾಕ್ತಾರೆ!"

"ಹಾಗಾದ್ರೆ ಮುಂದಿನ ಸಲ ನಾನೇ ಬರ್ತೀನಿ."

ಬಸ್ಸು ಹತ್ತಿದರೆ ವಾಂತಿ ಮಾಡುವವಳು. ಮುಂದಿನ ಪ್ರವಾಸದಲ್ಲಿ ಮಠ ಮುಟ್ಟುವವರೆಗೂ ಚೀಲದಲ್ಲಿ ಮುಖ ಹುದುಗಿಸಿಯೇ ಇದ್ದಳು. ಪಕ್ಕದಲ್ಲಿ ಕೂತ ತಾದ್ರೋಸ್ ಬೆನ್ನು ಸವರುತ್ತಿದ್ದ. ನಾನು ರೊಟ್ಟಿಯ ಬುಟ್ಟಿ ಹಿಡಿದು ಹಿಂದಿನ ಸೀಟಿನಲ್ಲಿದ್ದೆ.

ಮಠದ ಮುಂದೆ ಬಸ್ಸು ನಿಂತಿತು. ಎಲ್ಲರೂ ಇಳಿದರು. ತಾದ್ರೋಸ್ ಬಾಗಿಲ ಬಳಿ ತಡೆದು ನಿಂತು, ಬೀಗವನ್ನೊಮ್ಮೆ, ಹಸಿರುಗಟ್ಟಿದ ಮುಫೀದಕ್ಕನ ಮುಖವನ್ನೊಮ್ಮೆ ನೋಡಿದ. ಆಮೇಲೆ ಆಕೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನ್ನ ಕೈ ಬಿಡ್ಬೇಡ ಅಕ್ಕಾ," ಎಂದ. "ನೀನು ಕಳೆದುಹೋದ್ರೆ ಅವರು ನನ್ನ ಚರ್ಮ ಸುಲೀತಾರೆ."

ಸಂಜೆಯವರೆಗೂ ಆಕೆ ಬಿಡಲಿಲ್ಲ.