ಎದುರು ಬರದ ದಾರಿ

ನನಗಾಗ ಅರವತ್ತೊಂದು ವರ್ಷ. ಅದಾಗಿ ಈಗ ಏಳು ವರ್ಷ ಕಳೀತು. ನಮ್ಮ ಯಜಮಾನರು ತೀರಿಕೊಂಡು ವರ್ಷದ ತಿಥಿ ಮುಗಿದಿತ್ತು.

ನಮ್ಮದು ಕೊಳ್ಳೇಗಾಲದಲ್ಲಿ ಮಗ್ಗದ ಮನೆ, ರೇಷ್ಮೆ ಸೀರೆ ನೇಯೋರು. ನನ್ನ ತಂಗೀನ ಯಳಂದೂರಿಗೆ ಕೊಟ್ಟಿತ್ತು. ಅವಳ ಮಗಳು ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸಿನ ಗಂಟ ಓದಿದ್ದು ನಮ್ಮನೇಲಿ. ಆ ಹುಡುಗಿ ತಲೇಲಿ ಹೇನು ಹೆಕ್ಕಿದ್ದು, ಜ್ವರ ಬಂದಾಗ ಆಸ್ಪತ್ರೆಗೆ ಹೊತ್ತಿದ್ದು, ಮೈನೆರೆದಾಗ ಕೂರಿಸಿ ಆರತಿ ಎತ್ತಿಸಿದ್ದು ಎಲ್ಲಾ ನಾನೇ. ಹೇಳಿಕೊಳ್ಳೋಕೆ ಬರೀತಿಲ್ಲ. ಅವಳು ನನಗೆ ಏನಾಗಬೇಕು ಅಂತ ತಿಳೀಲಿ ಅಂತ ಬರೆದೆ.

ಅವಳ ಮದುವೆ ಹನೂರಿಂದಾಚೆ ರಾಮಾಪುರದ ಹುಡುಗನ ಜೊತೆ ಆಯ್ತು. ಬೀರು ನಾವೇ ಕೊಡಿಸಿದ್ವಿ, ದೊಡ್ಡ ಕನ್ನಡಿ ಇರೋದು. ಧಾರೆ ಎರೆಯೋ ಹೊತ್ತಲ್ಲಿ ನಾನು ಛತ್ರದ ಅಡುಗೆ ಮನೇಲಿ ಕಾಯಿ ತುರೀತಾ ಕುಂತಿದ್ದೆ. ಗಂಡ ಸತ್ತೋಳು ಆ ಹೊತ್ತಲ್ಲಿ ಮುಂದಕ್ಕೆ ಬರಬಾರದು, ಗೊತ್ತಿರೋ ಮಾತೇ. ಮದುವೆ ಗಲಾಟೇಲಿ ಅವಳ ಜೊತೆ ಒಂದು ಮಾತೂ ಆಡಕ್ಕಾಗಲಿಲ್ಲ. ಅದಕ್ಕೆ, ಗಂಡನ ಮನೆಗೆ ಕಳಿಸೋ ದಿನ ಬತ್ತೀನಿ ಅಂತ ತಂಗಿಗೆ ಫೋನಲ್ಲಿ ಹೇಳಿದೆ. ಕಾರು ಹತ್ತೋಕೆ ಮುಂಚೆ ಒಂದು ಸಲ ಅವಳ ಮೊಕ ನೋಡಿ, ಒಂದು ಡಬ್ಬಿ ಕಜ್ಜಾಯ ಕೈಗೆ ಕೊಡಬೇಕು ಅಂತಿತ್ತು. ನನಗೆ ಬೇಕಾಗಿದ್ದು ಅಷ್ಟೇ.

ಯಾವ ಬಸ್ಸಿಗೆ ಬತ್ತೀಯ ಅಂತ ತಂಗಿ ಕೇಳಿದಳು. ಆಮೇಲೆ, "ಊಟ ಆದ್ಮೇಲೆ ಹೊರಡ್ತಾರೆ ಕಣಕ್ಕ. ಹನ್ನೊಂದು ಗಂಟೆ ಹೊತ್ಗೆ ಬಾ, ಸಾಕು" ಅಂದಳು.

ಯಳಂದೂರಲ್ಲಿ ಬಸ್ಸಿಳಿದರೆ ತಂಗಿ ಗಂಡ ಬಂದು ನಿಂತಿದ್ದ. ನನ್ನ ಕರೆಯೋಕೆ ಯಾವತ್ತೂ ಬಂದೋನಲ್ಲ. ಬಸ್ಸಲ್ಲಿ ಕಂಡಕ್ಟ್ರಾಗಿದ್ದು ರಿಟೈರಾದ ಮನುಷ್ಯ. ಎಲ್ಲಾರನ್ನೂ ತಳ್ಳಿ ತಳ್ಳಿ ಅಭ್ಯಾಸ. ಮನೇಲೂ ಬಾಗಿಲಲ್ಲಿ ಯಾರಾದ್ರೂ ನಿಂತರೆ "ಒಳಕ್ಕೋಗಿ, ಒಳಕ್ಕೋಗಿ" ಅನ್ನೋನು. ಅಂಥೋನು ಅವತ್ತು ನನ್ನ ಕೈಚೀಲ ಇಸ್ಕೊಂಡು ಮೆತ್ತಗೆ ಅಂದ:

"ಅತ್ತಿಗೆಮ್ಮ, ಪ್ಯಾಟೆ ಬೀದೀಲಿ ಬರೀ ದೂಳು. ಹೊಳೆ ದಂಡೇಲಿ ಓಗವ ಬನ್ನಿ, ತಂಪಾಗದೆ."

"ಸುತ್ತಾಯ್ತದಲ್ಲ."

"ಯಾವ ಸುತ್ತು. ನಿಮ್ಗೂ ಸುಗರು, ನಂಗೂ ಸುಗರು. ವಾಕಿಂಗ್ ಆದಂಗಾಯ್ತದೆ."

ಊಟ ಆದ್ಮೇಲೆ ತಾನೇ ಹೊರಡೋದು, ಹೊತ್ತದೆ ಅಂದ್ಕೊಂಡು ಹಿಂದೆ ಹೋದೆ.

ದಾರಿ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಬಸ್‌ಸ್ಟಾಂಡಿನ ಸದ್ದು ಎರಡು ಬೀದಿ ದಾಟೋ ಹೊತ್ಗೆ ನಿಂತೇ ಹೋಯ್ತು. ನಾಡಹೆಂಚಿನ ಮನೆಗಳು, ಜಗಲಿ ಮೇಲೆ ಹುಣಸೇಹಣ್ಣು ಕುಟ್ಟೋ ಹೆಂಗಸರು, ಚರಂಡಿ ಪಕ್ಕದಲ್ಲಿ ಮಲಗಿದ ಎಮ್ಮೆ. ಆಮೇಲೆ ತೆಂಗಿನ ತೋಟದ ಬೇಲಿ, ಅದರ ಪಕ್ಕ ಕಾಲುದಾರಿ, ಕೆಳಗೆ ಸುವರ್ಣಾವತಿ ಹೊಳೆ. ಹೆಸರು ಸುವರ್ಣ, ನೀರು ಮೊಣಕಾಲುದ್ದ. ಅರ್ಧಕ್ಕರ್ಧ ಜೊಂಡು ಬೆಳೆದಿತ್ತು, ಊರಿನ ಮೋರಿ ನೀರೆಲ್ಲ ಅದಕ್ಕೇ ಬಂದು ಬೀಳ್ತಿತ್ತು. ಎಲ್ಲೋ ಆಲೆಮನೇಲಿ ಬೆಲ್ಲ ಕಾಯಿಸೋ ವಾಸನೆ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ನೀಲಿಯಾಗಿ ಕಾಣ್ತಿತ್ತು.

ಆತ ಹತ್ತು ಹೆಜ್ಜೆಗೊಂದು ಸಲ ನಿಲ್ಲೋನು. ಈ ತೋಟ ಯಾರದು, ಈ ಕಲ್ಲು ಎಷ್ಟು ಹಳೇದು, ಆ ಮನೆಯೋರ ಎರಡು ಹೆಂಡ್ರ ಜಗಳ ಹೆಂಗೆ ಕೋರ್ಟಿಗೆ ಹೋಯ್ತು, ಎಲ್ಲಾ ಹೇಳಿದ. ಆಮೇಲೆ, "ಅಗೋ ಬೆಳ್ಳಕ್ಕಿ ನೋಡಿ ಅತ್ತಿಗೆಮ್ಮ" ಅಂದ.

ಆಗ ನನಗೆ ಅನುಮಾನ ಬಂತು. ತಂಗಿ ಮದುವೆ ಆದಾಗಿಂದ ಈತನ್ನ ನೋಡಿದ್ದೀನಿ. ಬಾಡಿನ ಸಾರಲ್ಲಿ ಇಲ್ಲದ ಹಕ್ಕೀನ ಈತ ತಿರುಗಿ ನೋಡಿದ್ದೇ ಇಲ್ಲ.

"ಏನು ಇವತ್ತು ಕಾಲೇ ಮುಂದಕ್ಕೋಗ್ತಿಲ್ವಲ್ಲ," ಅಂದೆ. "ಒಳಕ್ಕೋಗಿ ಅಂತ ನಾನೇ ಅನ್ನಬೇಕಾ?"

"ವಯಸ್ಸಾಯ್ತಲ್ಲ ಅತ್ತಿಗೆಮ್ಮ. ಕೂತ್ಕಳವ ಒಸಿ. ಚೀಲದಲ್ಲಿ ಕಜ್ಜಾಯ ಅಂತ ಕಾಣ್ತದೆ, ಒಂದು ಕೊಡಿ ನೋಡವ."

"ಅದು ಅವಳಿಗೆ."

"ಅಪ್ಪ ಒಂದು ತಿಂದ್ರೆ ಕಮ್ಮಿ ಆಗೋಯ್ತದಾ?"

ಕೊಟ್ಟೆ. ಸುಗರಿನ ಮನುಷ್ಯ ಕಲ್ಲಿನ ಮೇಲೆ ಕೂತು ಕಜ್ಜಾಯ ತಿಂತಿದ್ದ. ಕೆಳಗೆ ಒಬ್ಬಳು ಬಟ್ಟೆ ಒಗೀತಿದ್ದಳು, ಅವರ ಬೀದಿಯೋಳೇ ಇರಬೇಕು. ಬಟ್ಟೆ ಕಲ್ಲಿಗೆ ಸೆಣೀತಾ ಸೆಣೀತಾ ತಲೆ ಎತ್ತಿ ನೋಡಿ ನಕ್ಕಳು.

"ಏನಣ್ಣೋ, ಮಗಳ ಕಳಿಸೋ ದಿನ ಹೊಳೆ ತಾವು ತಿಂಡಿ ತಿಂತಾ ಕುಂತಿದ್ದೀಯ? ಅಲ್ಲಿ ಕಾರು ಹೊರಟು ನಿಂತದೆ. ಬೀರು ಟೆಂಪೋಗೆ ಹಾಕಿ ಹಗ್ಗ ಬಿಗೀತಿದ್ರು, ನಾ ಬರೋವಾಗ."

"ನೀನು ಬಟ್ಟೆ ಒಗಿಯವ್ವ ಸುಮ್ನೆ," ಅಂದ ಆತ.

ನನಗೆ ಆಗ ಎಲ್ಲಾ ತಿಳೀತು.

ನಮ್ಮ ಕಡೆ ಒಂದು ಮಾತಿದೆ, ಗೊತ್ತಿಲ್ಲದೋರಿಗೆ ಹೇಳ್ತೀನಿ. ಶುಭಕ್ಕೆ ಹೊರಟೋರಿಗೆ ಮುಂಡೆ ಎದುರು ಬರಬಾರದು. ಬಂದರೆ ಹೊರಟೋರು ವಾಪಸ್ ಒಳಕ್ಕೋಗಿ, ಕೂತು, ನೀರು ಕುಡಿದು ಆಮೇಲೆ ಹೊರಡಬೇಕು. ಹೊಸ ಹೆಣ್ಣು ಗಂಡನ ಮನೆಗೆ ಹೊರಟಾಗ ಹಂಗಾದರೆ ಇನ್ನೂ ಕೆಟ್ಟದ್ದು ಅಂತಾರೆ. ಬಸ್‌ಸ್ಟಾಂಡಿಂದ ಪ್ಯಾಟೆ ಬೀದೀಲಿ ನೆಟ್ಟಗೆ ನಡೆದಿದ್ದರೆ ನಾನು ಆ ಕಾರಿಗೆ ಎದುರಿಗೇ ಸಿಗ್ತಿದ್ದೆ.

"ಊಟ ಆದ್ಮೇಲೆ ಅಂದ್ರಲ್ಲ," ಅಂದೆ.

ಆತ ಕೈ ಒರೆಸ್ಕೊಂಡ. "ರಾಹುಕಾಲಕ್ಕೆ ಮುಂಚೆ ಹೊರಡಬೇಕು ಅಂತ ಬೀಗರದು ಮೊದ್ಲಿಂದಲೂ ಮಾತು ಅತ್ತಿಗೆಮ್ಮ."

"ನನ್ನ ಮೊಕ ಅಷ್ಟು ಕೆಟ್ಟದಾ?"

"ನಾನಂದ್ನಾ ಹಂಗೆ? ನಿಮ್ಮ ಕಾಲು ಹಿಡ್ಕತೀನಿ. ಒಂದು ಗಳಿಗೆ ಕೂತ್ಕಳಿ."

ಕೂರಲಿಲ್ಲ. ಚೀಲ ಕಿತ್ತುಕೊಂಡು ನಡೆದೆ. ಮುಂದೆ ಸೇತುವೆ ಇತ್ತು, ಪಕ್ಕದಲ್ಲಿ ರಸ್ತೆಗೆ ಹತ್ತೋ ಮೆಟ್ಟಿಲು. ಮಂಡಿ ನೋವು ಬೇರೆ. ಆದರೂ ಹತ್ತಿದೆ. ಇನ್ನು ಎರಡು ಮೆಟ್ಟಿಲಿದೆ ಅನ್ನೋವಾಗ ಹಾರ್ನ್ ಕೇಳಿಸ್ತು. ಮೂತಿಗೆ ಚೆಂಡುಹೂವಿನ ಹಾರ ಹಾಕಿದ ಬಿಳೀ ಕಾರು ಬರ್ತಿತ್ತು.

ಆ ಎರಡು ಮೆಟ್ಟಿಲು ಹತ್ತಿದ್ದರೆ ಸರಿಯಾಗಿ ಎದುರಿಗೆ ನಿಲ್ಲಬಹುದಾಗಿತ್ತು. ನಾನು ಹತ್ತಲಿಲ್ಲ. ಆ ಮಾತನ್ನ ನಂಬಿ ನಿಂತೆ ಅಂತಲ್ಲ. ನನ್ನ ಗಂಡ ಮೂವತ್ತೈದು ವರ್ಷ ದಿನಾ ಬೆಳಗ್ಗೆ ನನ್ನ ಮೊಕ ನೋಡೇ ಮಗ್ಗಕ್ಕೆ ಕೂರ್ತಿದ್ದರು, ಏನೂ ಆಗಿರಲಿಲ್ಲ. ಆದರೆ ನಾಳೆ ಅವಳಿಗೆ ಅಲ್ಲಿ ಒಂದು ತಲೆನೋವು ಬಂದರೂ, ಒಂದು ವರ್ಷ ಬಸುರಾಗದಿದ್ದರೂ, ಅವಳತ್ತೆ ಅದನ್ನ ನನ್ನ ತಲೆಗೇ ಕಟ್ಟೋಳು. ಅದಕ್ಕೆ ನಿಂತೆ. ಸೇತುವೆ ಗೋಡೆ ಮರೇಲಿ, ಕಳ್ಳಿ ಥರ.

ಕಾರು ಹೋಯ್ತು. ಗಾಜು ಏರಿಸಿತ್ತು, ಒಳಗೆ ಯಾರೂ ಕಾಣಲಿಲ್ಲ. ಹಿಂದೆ ಟೆಂಪೋ. ನಾವು ಕೊಡಿಸಿದ ಬೀರುವಿನ ಕನ್ನಡಿ ಬಿಸಿಲಿಗೆ ಕಣ್ಣಿಗೆ ಹೊಡೀತು. ಬೀರು ಜೊತೆಗೆ ಹೋಗಬಹುದು, ಕೊಡಿಸಿದೋಳು ಎದುರಿಗೂ ಹೋಗಬಾರದು.

ತಿರುಗಿ ನೋಡಿದರೆ ತಂಗಿ ಗಂಡ ಕೆಳಗೆ ಇನ್ನೂ ಕಲ್ಲಿನ ತಾವೇ ನಿಂತಿದ್ದ. ಅವನು ಮಗಳ ಕಾರನ್ನೂ ನೋಡಲಿಲ್ಲ. ಪಾಪ, ನನ್ನ ಕಾಯೋಕೆ ಅವನ್ನೇ ಕಳಿಸಬೇಕಾಗಿತ್ತಾ ಅಂತ ಒಂದು ಗಳಿಗೆ ಅನ್ನಿಸ್ತು. ಆಮೇಲೆ ಅನ್ನಿಸಲಿಲ್ಲ.

ಮನೇಲಿ ತಂಗಿ ಆಗಲೇ ಎಲೆ ಹಾಕಿದ್ದಳು.

"ಬಾ ಅಕ್ಕ. ಈಗ ತಾನೇ ಹೊರಟ್ರು ನೋಡು. ಅವಳು ನಿನ್ನ ದಾರಿ ನೋಡಿ ನೋಡಿ ಸಾಕಾದ್ಲು."

"ಅನ್ನದ ಮುಂದೆ ಸುಳ್ಳು ಹೇಳಬ್ಯಾಡ ಕಣೇ."

ಅವಳು ಸಾರಿನ ಪಾತ್ರೇಲಿ ಸೌಟು ತಿರುಗಿಸ್ತಾ ನಿಂತಳು.

"ಹೊಳೆ ದಂಡೆ ಉಪಾಯ ಯಾರದು? ನಿನ್ನ ಬೀಗಿತೀದಾ?" ಅಂದೆ.

"ಬೀಗಿತಿಗೆ ನೀನು ಬರೋದೇ ಗೊತ್ತಿಲ್ಲ."

"ಮತ್ತೆ? ನಿಂದಾ?"

"ನಂದಲ್ಲ ಕಣಕ್ಕ, ನನ್ನಾಣೆ. ಹುಡುಗೀನೇ ಅಂದಿದ್ದು. ದೊಡ್ಡವ್ವನ್ನ ಬರಬ್ಯಾಡ ಅಂದ್ರೆ ಅದು ನೊಂದ್ಕತದೆ, ಅಪ್ಪ ಹೊಳೆ ದಂಡೇಲಿ ನಿಧಾನಕ್ಕೆ ಕರ್ಕಬರಲಿ, ಅದಕ್ಕೂ ನಡೆದಂಗಾಯ್ತದೆ ಅಂದ್ಲು. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ."

ನಮ್ಮ ಕಡೆ ಸಲಿಗೆ ಇರೋ ದೊಡ್ಡೋರನ್ನ 'ಅದು' ಅಂತಲೇ ಅನ್ನೋದು. ಅವ್ವನ್ನೂ ಅಂತೀವಿ, ಅಜ್ಜೀನೂ ಅಂತೀವಿ, ಪ್ರೀತೀಲೇ ಅನ್ನೋದು. ಅವಳು ಚಿಕ್ಕೋಳಿದ್ದಾಗಿಂದ ನನ್ನ ಹಂಗೇ ಅಂತಿದ್ದಳು. ಅವತ್ತು ಮೊದಲನೇ ಸಲ ನನಗೆ ಆ ಮಾತು ಎಮ್ಮೇನೋ ಹಸೂನೋ ಹೊಳೆ ಕಡೆ ಹೊಡ್ಕೊಂಡು ಹೋಗೋಕೆ ಹೇಳಿದಂಗೆ ಕೇಳಿಸ್ತು.

ಉಂಡೆ. ಅನ್ನದ ಮೇಲೆ ಸಿಟ್ಟು ಮಾಡೋ ಜಾತಿ ನಾನಲ್ಲ. ಪಾಯಸ ಎರಡು ಸಲ ಹಾಕಿಸ್ಕೊಂಡೆ. ತಂಗಿಗೆ ಎಷ್ಟೋ ಸಮಾಧಾನ ಆದಂಗೆ ಕಾಣ್ತು, ರಾತ್ರಿ ಉಳ್ಕೊಂಡು ಹೋಗು ಅಂದಳು. ಮಂಡಿ ಊದಿತ್ತು, ಉಳ್ಕೊಂಡೆ.

ಸಂಜೆ ರಾಮಾಪುರದಿಂದ ಫೋನು ಬಂತು. ತಂಗಿ ಮಾತಾಡಿ ನನ್ನ ಕೈಗೆ ಕೊಟ್ಟಳು.

"ದೊಡ್ಡವ್ವ, ಚೆಂದಾಗಿ ಬಂದು ಸೇರ್ಕಂಡ್ವಿ. ಹೊಳೆ ತಾವು ತಂಪಾಗಿತ್ತಾ?"

"ತಂಪಾಗಿತ್ತು."

"ಕಜ್ಜಾಯ ತಂದಿದ್ಯಂತೆ. ಮುಂದಿನ ಸಲ ಬಂದಾಗ ತಿಂತೀನಿ, ಇಟ್ಟಿರು."

"ಅದು ಕೆಟ್ಟೋಯ್ತದೆ. ನಿಮ್ಮತ್ತೆ ಕೈಲಿ ಮಾಡಿಸ್ಕಂಡು ತಿನ್ನು," ಅಂದೆ.

ಅವಳು ಮೂಗೆಳೆದಂಗೆ ಕೇಳಿಸ್ತು. ಅತ್ತಿದ್ದಳೋ ಏನೋ, ಫೋನಲ್ಲಿ ಗೊತ್ತಾಗಲ್ಲ. "ದೊಡ್ಡವ್ವ, ನಾನು ಯಾಕೆ ಹಂಗೆ ಮಾಡಿದೆ ಅಂದ್ರೆ..." ಅಂತ ಶುರು ಮಾಡಿದಳು. ಅಷ್ಟರಲ್ಲಿ ಅಲ್ಲಿ ಯಾರೋ ಕರೆದರು. "ಆಮ್ಯಾಕೆ ಮಾಡ್ತೀನಿ" ಅಂತ ಇಟ್ಟಳು. ಆ ಮಾತು ಇವತ್ತಿನ ಗಂಟ ಮುಗಿಸಿಲ್ಲ. ಈಗ ಅವಳಿಗೆ ಎರಡು ಮಕ್ಕಳು. ಹಬ್ಬಕ್ಕೆ ಫೋನು ಮಾಡ್ತಾಳೆ, ಕಾಲು ನೋವು ಹೆಂಗದೆ ಅಂತ ಕೇಳ್ತಾಳೆ.

ಮಾರನೇ ದಿನ ಬೆಳಗ್ಗೆ ಎದ್ದು ಸ್ನಾನ ಮಾಡಿ, ತಲೆ ಬಾಚಿ ಚೀಲ ತಕೊಂಡೆ. ತಂಗಿ ಗಂಡ ಚಪ್ಪಲಿ ಮೆಟ್ಕೊಂಡು ಬಂದು, "ಬಸ್‌ಸ್ಟಾಂಡ್ ಗಂಟ ಬಿಟ್ಟು ಬತ್ತೀನಿ" ಅಂದ. ಬ್ಯಾಡ, ದಾರಿ ಗೊತ್ತು ಅಂದೆ. ಪ್ಯಾಟೆ ಬೀದೀಲಿ ನಡುಮಧ್ಯೆ ನಡೆದೆ. ಜನ ಕೆಲಸಕ್ಕೆ ಹೊರಡೋ ಹೊತ್ತು. ಒಬ್ಬ ಅಂಗಡಿ ಬಾಗಿಲು ಎತ್ತುತ್ತಿದ್ದೋನು ನನ್ನ ಬೋಳು ಹಣೆ ನೋಡಿ ಅರ್ಧಕ್ಕೆ ನಿಲ್ಲಿಸಿದ. ಇನ್ನೊಬ್ಬ ಆಟೋ ಶುರು ಮಾಡಿದ್ದೋನು ಕೀ ತಿರುಗಿಸಿ ಆಫ್ ಮಾಡಿ, ಫೋನು ನೋಡೋ ಥರ ತಲೆ ಬಗ್ಗಿಸ್ಕೊಂಡ. ನಾನು ಪಕ್ಕಕ್ಕೆ ಸರೀಲಿಲ್ಲ, ಆತುರಾನೂ ಪಡಲಿಲ್ಲ. ಮಂಡಿ ಹೇಳಿದಷ್ಟು ನಿಧಾನಕ್ಕೆ ಅವನ ಆಟೋ ಮುಂದುಗಡೆಯಿಂದಲೇ ದಾಟಿದೆ. ಕೊಳ್ಳೇಗಾಲದ ಬಸ್ಸು ನಿಂತಿತ್ತು. ಡ್ರೈವರಿಗೆ ಕಾಣೋ ಹಂಗೆ ಮುಂದಿನ ಸೀಟಲ್ಲಿ ಕೂತು, ಹೊರಡಪ್ಪ ಅಂದೆ.