ಏಕನಾಥನ ರಜೆಗೆ ಅಡ್ಡವಾದ ಗೆರೆ

ರಜೆ ನಿಯಮಗಳ ವಿಷಯದಲ್ಲಿ ಸರಳಾ ಅವರನ್ನು ಮೀರಿಸುವವರು ಆ ಇಲಾಖೆಯಲ್ಲಿ ಇರಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೆ ಚಿತ್ರದುರ್ಗದಿಂದ ಗುಮಾಸ್ತೆಯಾಗಿ ದೆಹಲಿಗೆ ಬಂದವರು, ಮೂವತ್ತೊಂದು ವರ್ಷಗಳಲ್ಲಿ ಕುರ್ಚಿ ಬದಲಾದರೂ ಶಾಖೆ ಬಿಟ್ಟು ಕದಲಲಿಲ್ಲ. ಈಗ ರಜೆ ಶಾಖೆಯ ಸೆಕ್ಷನ್ ಆಫೀಸರ್. ಲೋಧಿ ಕಾಲೋನಿಯಲ್ಲಿ ಸಂಜೆ ವಾಕಿಂಗ್ ಹೊರಟರೂ ಯಾರಾದರೊಬ್ಬರು ತಡೆದು, "ಮೇಡಂ, ನನ್ನ ಮೆಡಿಕಲ್ ಲೀವಿಗೆ ಭಾನುವಾರಾನೂ ಸೇರುತ್ತಾ?" ಎಂದು ಕೇಳುವರು. ಸರಳಾ ನಿಂತಲ್ಲೇ ಉತ್ತರ ಹೇಳುವರು. ಗಂಡ ಚಂದ್ರಮೋಹನ ಅಷ್ಟು ದೂರ ಮುಂದೆ ಹೋಗಿ, ಬೇವಿನ ಮರದ ಕೆಳಗೆ ಕಾಯುತ್ತ ನಿಲ್ಲುವರು.

ಇಂಥವರ ತಾಳ್ಮೆ ಕೆಟ್ಟದ್ದು ಇಲಾಖೆಗೆ ಹೊಸ ರಜೆ ಸಾಫ್ಟ್‌ವೇರ್ ಬಂದ ಮೇಲೆ. ಅದನ್ನು ಮಾಡಿಕೊಟ್ಟ ಖಾಸಗಿ ಕಂಪನಿಯಿಂದ ಧನ್ಯಾ ಎಂಬ ಹುಡುಗಿ ಬರುತ್ತಿದ್ದಳು. ತುಮಕೂರಿನವಳು, ಘಾಜಿಯಾಬಾದಿನಲ್ಲಿ ರೂಮು ಮಾಡಿಕೊಂಡಿದ್ದಳು. ಮೊದಲ ದಿನವೇ ಅವಳು ವಿವರಿಸಿದ್ದಳು.

"ಮೇಡಂ, ನಾವು ಪ್ರೋಗ್ರಾಂ ಕೈಯಲ್ಲಿ ಬರೆಯಲ್ಲ. ಮಾಡೆಲ್ ಅಂತ ಒಂದು ಚಿತ್ರ ಮಾಡ್ತೀವಿ. ನೌಕರ ಒಂದು ಚೌಕ, ರಜೆ ಒಂದು ಚೌಕ, ಯಾರಿಗೆ ಯಾವ ರಜೆ ಅನ್ನೋದಕ್ಕೆ ನಡುವೆ ಗೆರೆ. ಆ ಚಿತ್ರದಿಂದ ಪ್ರೋಗ್ರಾಂ ತಾನಾಗೇ ಹುಟ್ಟುತ್ತೆ."

"ಚಿತ್ರ ತಪ್ಪಾಗಿದ್ರೆ?"

"ಅದಕ್ಕೇ ನಿಮ್ಮ ಪಕ್ಕ ಬಂದು ಕೂತಿರೋದು ಮೇಡಂ," ಎಂದು ಧನ್ಯಾ ನಕ್ಕಿದ್ದಳು.

ಎರಡು ತಿಂಗಳು ಸರಳಾ ಒಂದೊಂದು ನಿಯಮವನ್ನೂ ಬಿಡಿಸಿ ಹೇಳಿದರು, ಬರೆದೂ ಕೊಟ್ಟರು. ಆದರೂ ಚಿತ್ರ ಕಂಪನಿಯ ದೊಡ್ಡವರ ಕೈಗೆ ಹೋಗಿ ಬರುವಷ್ಟರಲ್ಲಿ ಒಂದು ಗೆರೆ ತಪ್ಪಿತ್ತು. ಮಕ್ಕಳ ಪಾಲನಾ ರಜೆಯಿಂದ ಹೊರಟ ಗೆರೆ 'ಮಹಿಳಾ ನೌಕರರು' ಎಂಬ ಚೌಕಕ್ಕೆ ಹೋಗಿ ಅಲ್ಲೇ ನಿಂತಿತ್ತು. ಒಂಟಿಯಾಗಿ ಮಕ್ಕಳನ್ನು ಸಾಕುವ ಗಂಡಸಿಗೂ ಆ ರಜೆ ಉಂಟೆಂಬುದು ಎಲ್ಲೋ ಬಿದ್ದುಹೋಗಿತ್ತು.

ಇದು ಗೊತ್ತಾದದ್ದು ಆಗಸ್ಟಿನಲ್ಲಿ, ಏಕನಾಥನಿಂದ. ಟಪಾಲು ಶಾಖೆಯ ಗುಮಾಸ್ತ, ಬೀದರ್ ಕಡೆಯವನು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಂಬತ್ತನೇ ಕ್ಲಾಸಿನ ಮಗಳು ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಳು, ರಾಡ್ ಹಾಕಿದರು. ಏಕನಾಥ ಎರಡು ತಿಂಗಳ ರಜೆಗೆ ಅರ್ಜಿ ಹಾಕಿದ. ಕಂಪ್ಯೂಟರು ಅರೆಕ್ಷಣದಲ್ಲಿ 'ಅರ್ಹರಲ್ಲ' ಎಂದಿತು.

ಸರಳಾ ನಿಯಮದ ಪುಸ್ತಕ ಹಿಡಿದು ಡೈರೆಕ್ಟರರ ಬಳಿ ಹೋದರು. "ನಿಯಮ ಸರಿ ಸರಳಾಜಿ. ಆದರೆ ಸಿಸ್ಟಂ ಒಪ್ಪದೆ ನಾನು ಹೇಗೆ ಸಹಿ ಹಾಕಲಿ?" ಎಂದರು ಅವರು.

ಧನ್ಯಾಗೆ ಫೋನು ಹೋಯಿತು. ಎರಡೇ ದಿನದಲ್ಲಿ ಅವಳು ಸರಿಮಾಡಿದಳು. ಅರ್ಜಿ ಒಂದು ಮೇಜು ಮುಂದೆ ಹೋಯಿತು. ಮರುವಾರ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದದ್ದೇ ತಡ, ಮತ್ತೆ 'ಅರ್ಹರಲ್ಲ'. ಮತ್ತೆ ಫೋನು, ಮತ್ತೆ ರಿಪೇರಿ, ಮತ್ತೆ ಹೊಸ ಆವೃತ್ತಿ, ಮತ್ತೆ 'ಅರ್ಹರಲ್ಲ'. ಮೂರನೆಯ ಸಲ ಸರಳಾ ಸಿಡಿದರು.

"ಏನಮ್ಮಾ ಇದು? ಸರಿ ಮಾಡಿದ್ದು ಮತ್ತೆ ಮತ್ತೆ ಯಾಕೆ ಕೆಡುತ್ತೆ?"

"ಚಿತ್ರದಿಂದ ಹುಟ್ಟಿದ ಪ್ರೋಗ್ರಾಂನಲ್ಲಿ ನಾನು ಕೈಯಿಂದ ತಿದ್ದಿದ್ದು ಮೇಡಂ. ಚಿತ್ರದಿಂದ ಹೊಸದಾಗಿ ತೆಗೆದಾಗೆಲ್ಲ ನನ್ನ ತಿದ್ದುಪಡಿ ಅಳಿಸಿಹೋಗುತ್ತೆ."

"ಹಾಗಾದ್ರೆ ಚಿತ್ರಾನೇ ತಿದ್ದು!"

"ನನಗೆ ಪರ್ಮಿಷನ್ ಇಲ್ಲ. ನಮ್ಮ ಕಂಪನಿಯ ದೊಡ್ಡವರು, ಅನೂಪ್ ಸರ್ ಒಬ್ಬರೇ ಅದನ್ನ ಮುಟ್ಟಬಹುದು. ನಾನು ಕೇಳ್ತಾನೇ ಇದೀನಿ. ಅವರು ಯಾವಾಗ ನೋಡಿದ್ರೂ ಯಾವುದೋ ಕಾನ್ಫರೆನ್ಸ್‌ನಲ್ಲಿ ಇರ್ತಾರೆ."

ಇತ್ತ ಏಕನಾಥ ತನ್ನ ಗಳಿಕೆ ರಜೆಯನ್ನೆಲ್ಲ ಮುಗಿಸಿಕೊಂಡ. ಮಗಳನ್ನು ಪಕ್ಕದ ಮನೆಯವರ ಪಾಲಿಗೆ ಬಿಟ್ಟು ಆಫೀಸಿಗೆ ಬಂದು, ಅರ್ಧ ದಿನಕ್ಕೇ ಮನೆಗೆ ಓಡುತ್ತಿದ್ದ. ಒಮ್ಮೆಯೂ ಜಗಳಾಡಲಿಲ್ಲ. ಬೈದಿದ್ದರೆ ಮೇಲಿತ್ತು ಅನ್ನಿಸಿತು ಸರಳಾಗೆ. ಕಾರಿಡಾರಿನಲ್ಲಿ ಅವನು ಎದುರಾದರೆ ಕೈಯಲ್ಲಿದ್ದ ಕಾಗದ ಓದುವಂತೆ ನಟಿಸಿ ದಾಟಿಬಿಡುತ್ತಿದ್ದರು.

ಜನವರಿಯಲ್ಲಿ ಒಂದು ಆಹ್ವಾನ ಬಂತು. ಗುರುಗ್ರಾಮದ ಹೋಟೆಲಿನಲ್ಲಿ, ಹೀಗೆ ಚಿತ್ರದಿಂದ ಸಾಫ್ಟ್‌ವೇರ್ ಹುಟ್ಟಿಸುವವರ ಸಮ್ಮೇಳನ. ಇಲಾಖೆಯಿಂದ ಒಬ್ಬರು ಹೋಗಬೇಕಿತ್ತು. ಬೇರೆ ಕೆಲಸವಿದೆ ಎಂದು ತಪ್ಪಿಸಿಕೊಳ್ಳಲು ಹೊರಟಿದ್ದ ಸರಳಾ, ಭಾಷಣಕಾರರ ಪಟ್ಟಿಯಲ್ಲಿ ಅನೂಪನ ಹೆಸರು ಕಂಡು ಒಪ್ಪಿಕೊಂಡರು.

ಜೋರ್ ಬಾಗ್‌ನಲ್ಲಿ ಮೆಟ್ರೋ ಹತ್ತಿ, ಇಳಿದು ಆಟೋ ಹಿಡಿದು ಹೋಟೆಲು ತಲುಪಿದರು. ಕೊರಳಿಗೊಂದು ಬ್ಯಾಡ್ಜು, ಕೈಗೊಂದು ಚೀಲ ಕೊಟ್ಟರು. ಧನ್ಯಾ ಪಕ್ಕದ ಕುರ್ಚಿ ಹಿಡಿದಿಟ್ಟಿದ್ದಳು. ಒಂದೂ ಅರ್ಥವಾಗದ ಮೂರು ಭಾಷಣ ಮುಗಿದ ಮೇಲೆ ಅನೂಪ್ ಬಂದ. ಪರದೆಯ ಮೇಲೆ ಸರಳಾ ಅವರ ಶಾಖೆಯದೇ ಫೋಟೋ.

"ಇಡೀ ಇಲಾಖೆಯ ರಜೆ ವ್ಯವಸ್ಥೆ. ಕೈಯಿಂದ ತಿದ್ದಿದ ಸಾಲುಗಳು ಎಷ್ಟು ಗೊತ್ತೇ? ಸೊನ್ನೆ!" ಎಂದು ಅವನು ಬೆರಳುಗಳನ್ನು ಸುತ್ತಿ ತೋರಿಸಿದ.

ಸಭಾಂಗಣ ಚಪ್ಪಾಳೆ ತಟ್ಟಿತು. ಧನ್ಯಾ ತಲೆ ತಗ್ಗಿಸಿ ಚೀಲದ ಜಿಪ್ಪು ಎಳೆಯತೊಡಗಿದಳು. ಪ್ರಶ್ನೆಯ ಹೊತ್ತಿಗೆ ಸರಳಾ ಎತ್ತಿದ ಕೈ ಇಳಿಸಲೇ ಇಲ್ಲ. ಮೈಕು ಮುಂದಿನ ಸಾಲಿನ ಇಬ್ಬರ ಬಳಿ ಸುತ್ತಿತು. ಅಷ್ಟರಲ್ಲಿ ಊಟದ ಸಮಯವಾಯಿತು ಎಂದರು.

ಸರಿ, ಊಟದಲ್ಲೇ ಹಿಡಿದರು. ಅನೂಪ್ ತಟ್ಟೆಗೆ ಪನೀರು ಬಡಿಸಿಕೊಳ್ಳುತ್ತಿದ್ದ. ಸರಳಾ ಹಿಂದಿಯಲ್ಲಿ ತಾವು ಯಾರೆಂದು ಹೇಳಿ, ಏಕನಾಥನ ವಿಷಯ ತೆಗೆದರು.

"ಅಚ್ಛಾ ಅಚ್ಛಾ, ಮೇಡಂ! ಒಂದು ಮೇಲ್ ಹಾಕಿ. ಮುಂದಿನ ತಿಂಗಳು ಖಂಡಿತ ನೋಡೋಣ."

"ಹದಿನೇಳು ಮೇಲ್ ಹಾಕಿದ್ದೀವಿ. ಲ್ಯಾಪ್‌ಟಾಪ್ ನಿಮ್ಮ ಹೆಗಲಲ್ಲೇ ಇದೆಯಲ್ಲ, ಈಗಲೇ ನೋಡಿ."

"ಈಗಲೇನಾ? ಊಟ..."

"ನೀವು ಊಟ ಮಾಡಿ. ನಾನು ಇಲ್ಲೇ ನಿಂತಿರ್ತೀನಿ."

ನಿಂತೇ ಬಿಟ್ಟರು. ಅವನು ರೊಟ್ಟಿಯ ಕಡೆ ಸರಿದರೆ ಅಲ್ಲಿಗೆ, ಸಲಾಡಿನ ಕಡೆ ಸರಿದರೆ ಅಲ್ಲಿಗೆ. ಅವನ ಕೈ ಕುಲುಕಲು ಬಂದವರು ಈ ಹೆಂಗಸಿನ ಮುಖ ನೋಡಿ ಹಿಂದೆ ಸರಿದರು. ಕೊನೆಗೆ ಅನೂಪ್ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಲ್ಯಾಪ್‌ಟಾಪ್ ತೆರೆದ.

"ಒಂಟಿ ಪುರುಷ ಅಂದರೆ ಯಾರು ಯಾರು?" ಎಂದು ಕೇಳಿದ.

"ಹೆಂಡತಿ ಸತ್ತವನು, ವಿಚ್ಛೇದನ ಆದವನು, ಮದುವೆ ಆಗದೆ ಮಗು ಸಾಕ್ತಿರೋನು. ಮೂವರೂ."

ಅವನು ಒಂದು ಹೊಸ ಚೌಕ ಇಟ್ಟು ಗೆರೆ ಎಳೆದ. ಧನ್ಯಾ ಬಗ್ಗಿ ನೋಡಿ ತಲೆಯಾಡಿಸಿದಳು. ಒಟ್ಟು ಆರು ನಿಮಿಷ.

"ಇಷ್ಟೇನಾ ಮೇಡಂ?" ಎಂದ ಅನೂಪ್, ನಿಜವಾಗಿಯೂ ಅಚ್ಚರಿಯಿಂದ.

ಇಷ್ಟಕ್ಕೆ ಐದು ತಿಂಗಳು! ಸರಳಾಗೆ ಸಿಟ್ಟಿಗಿಂತ ಅಳು ಹತ್ತಿರ ಬಂತು. ಮಧ್ಯಾಹ್ನದ ಭಾಷಣಗಳಿಗೂ ನಿಲ್ಲದೆ ಮನೆಗೆ ಹೊರಟುಬಿಟ್ಟರು.

ಒಂಬತ್ತು ದಿನಗಳ ಮೇಲೆ ಹೊಸ ಆವೃತ್ತಿ ಬಂತು. ಈ ಸಲ ಅರ್ಜಿ ಹಿಂದಕ್ಕೆ ಬರಲಿಲ್ಲ. ರಜೆ ಮಂಜೂರಾಯಿತು. ಏಕನಾಥ ಬಂದು ಮೇಜಿನ ಮುಂದೆ ನಿಂತ.

"ಮೇಡಂ, ಮಗಳು ಈಗ ನಡೀತಾಳೆ, ಸ್ಕೂಲಿಗೂ ಹೋಗ್ತಾಳೆ. ಈ ರಜೆ ತಗೊಂಡು ಏನು ಮಾಡಲಿ?"

ಸರಳಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಪ್ಪಾಯ್ತು ಏಕನಾಥ್. ಆದರೆ ಬಿಡಬೇಡಿ. ಮಕ್ಕಳ ಪರೀಕ್ಷೆಗೂ ಈ ರಜೆ ಸಿಗುತ್ತೆ. ಎಷ್ಟೊಂದು ಪಾಠ ತಪ್ಪಿದೆ ಅವಳಿಗೆ. ತಾರೀಖು ಬದಲಾಯಿಸಿ ಹಾಕಿ, ನಾನೇ ಮುಂದೆ ಕಳಿಸ್ತೀನಿ." ಅವನು ಫೆಬ್ರವರಿಯಲ್ಲಿ ಇಪ್ಪತ್ತು ದಿನ ತೆಗೆದುಕೊಂಡು ಮಗಳ ಜೊತೆ ಕೂತ. ಅವಳು ಪಾಸಾದಳು, ಗಣಿತದಲ್ಲಿ ಮಾತ್ರ ಅಂಚಿನಲ್ಲಿ.

ಮಾರ್ಚಿನಲ್ಲಿ ಕಂಪನಿಯಿಂದ ಮೇಲ್ ಬಂತು. ಬಳಕೆದಾರರ ಜೊತೆ ಕೂತೇ ಚಿತ್ರ ತಿದ್ದುವ ತಮ್ಮ ಹೊಸ ವಿಧಾನದ ಬಗ್ಗೆ ಅನೂಪ್ ಇನ್ನೊಂದು ಸಮ್ಮೇಳನದಲ್ಲಿ ಮಾತಾಡಲಿದ್ದಾರೆ, ಸರಳಾ ಮೇಡಂ ವೇದಿಕೆಗೆ ಬರಬೇಕು ಎಂದಿತ್ತು. ಸರಳಾ ಅದನ್ನು ಎರಡು ಸಲ ಓದಿದರು. ಬರಲಾಗುವುದಿಲ್ಲ ಎಂದು ಒಂದೇ ಸಾಲು ಬರೆದು, ಚಿತ್ರದಲ್ಲಿ ಇನ್ನೂ ತಪ್ಪಾಗಿರುವ ಹನ್ನೊಂದು ಗೆರೆಗಳ ಪಟ್ಟಿಯನ್ನು ಜೊತೆಗೆ ಕಳಿಸಿದರು.

ಮಧ್ಯಾಹ್ನ ಧನ್ಯಾ ಫೋನು ಮಾಡಿದಳು. "ಮೇಡಂ, ಸರ್ ಪಟ್ಟಿ ಓದ್ತಿದಾರೆ. ಎರಡನೇದು ಅರ್ಥ ಆಗ್ತಿಲ್ಲವಂತೆ."

"ಅವರಿಗೇ ಕೊಡು ಫೋನು," ಎಂದರು ಸರಳಾ.